ನೋಡಿದ ಮೇಲೆಯೇ ಅಭಿನಂದನೆ

ನಮ್ಮ ಅಕ್ಕಾರಿಂದ ಒಂದು ಅಭಿನಂದನೆ ಗಿಟ್ಟಿಸುವುದಕ್ಕಿಂತ ಹೊಸ ನೌಕರಿ ಗಿಟ್ಟಿಸುವುದು ಸುಲಭ! ನೌಕರಿಗಾದರೆ ನೀವು ಸಂದರ್ಶನಕ್ಕೆ ಹೋದರೆ ಸಾಕು. ಅಕ್ಕಾರ ಅಭಿನಂದನೆ ಬೇಕೆಂದರೆ ನಿಮ್ಮ ಹೊಸ ಆಫೀಸು ಅವರ ಮುಂದೆ ಸಂದರ್ಶನಕ್ಕೆ ಕೂರಬೇಕು.

ಅಕ್ಕಾರು ನನ್ನ ಒಡಹುಟ್ಟಿದವರಲ್ಲ. ವಿಜಯಪುರದಿಂದ ತೊರವಿಗೆ ಹೋಗುವ ದಾರಿಯಲ್ಲಿ ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಆರು ವರ್ಷ ಕೆಲಸ ಮಾಡಿದೆ. ರೈತರು ತಂದ ಮಾಲು ನೋಡಿ ಅದರ ದರ್ಜೆ ಹೇಳುವವರು ಅಕ್ಕಾರು. ಅದನ್ನು ಚೀಟಿಯ ಮೇಲೆ ಬರೆದು ಬಾಕ್ಸಿಗೆ ಅಂಟಿಸುವವಳು ನಾನು. ಮೇಲಿನ ಬಾಕ್ಸನ್ನು ಅವರು ಎಂದೂ ತೆರೆಸಿದವರಲ್ಲ. "ಮ್ಯಾಲಿಂದು ಎಲ್ಲಾರೂ ಚಂದನ ಇಟ್ಟಿರ್ತಾರ. ನಡುವಿಂದು ತಗೀರಿ" ಎಂದು ಹಮಾಲರಿಗೆ ಹೇಳುತ್ತಾರೆ. ಅದರಿಂದ ಒಂದು ಹಿಡಿ ತೆಗೆದು, ಮೂಸಿ, ಬೆಳಕಿಗೆ ಹಿಡಿದು, ಎರಡು ಕಾಳು ಅಗಿದು ನೋಡಿ ಆಮೇಲೆ ಮಾತಾಡುತ್ತಾರೆ. ಇದರಲ್ಲಿ ಯಾರದೂ ತಕರಾರಿಲ್ಲ. ಆದರೆ ಮನುಷ್ಯರ ನೌಕರಿಗೂ ಇದೇ ಪರೀಕ್ಷೆಯೇ?

ಯಾರಾದರೂ ಕೆಲಸ ಬಿಟ್ಟು ಹೋಗುವಾಗ ನಮ್ಮಲ್ಲಿ ಒಂದು ಕೇಕು, ಒಂದು ಶಾಲು. ಎಲ್ಲರೂ ಸುತ್ತ ನಿಂತು "ಅಭಿನಂದನೆ, ಅಭಿನಂದನೆ" ಎನ್ನುತ್ತೇವೆ. ಒಳಗೆ ಅರ್ಧ ಜನಕ್ಕೆ ಹೊಟ್ಟೆಕಿಚ್ಚು, ಉಳಿದರ್ಧಕ್ಕೆ ಇವನ ಕೆಲಸ ಇನ್ನು ಯಾರ ತಲೆಗೆ ಎಂಬ ಚಿಂತೆ. ನಗುವನ್ನು ಎಷ್ಟು ಹೊತ್ತು ಹಿಡಿದುಕೊಂಡಿರಬೇಕೆಂದು ತಿಳಿಯದೆ ಎಲ್ಲರೂ ಕೇಕನ್ನೇ ನೋಡುತ್ತೇವೆ.

ನಿಡೋಣಿಯ ಸಹೋದ್ಯೋಗಿಯೊಬ್ಬನಿಗೆ ಪಟ್ಟಣದ ಟ್ರ್ಯಾಕ್ಟರ್ ಶೋರೂಮಿನಲ್ಲಿ ಕೆಲಸ ಸಿಕ್ಕಿತು. ಕೇಕು ಕತ್ತರಿಸುವ ಮೊದಲು ಅಕ್ಕಾರ ಕಾಲಿಗೆ ಬಿದ್ದ.

"ಆಶೀರ್ವಾದ ಐತೆಪಾ. ಅಭಿನಂದನಾ ಈಗ ಹೇಳಂಗಿಲ್ಲ. ನೋಡಲಾರದ ಹ್ಯಾಂಗ ಚಲೋ ಅನ್ಲಿ?" ಎಂದರು ಅಕ್ಕಾರು.

ಅವನ ಮುಖ ನೋಡಬೇಕಿತ್ತು! ಅಕ್ಕಾರು ಒಂದು ದಿನ ರಜೆ ಹಾಕಿ ಗಿರಾಕಿಯಂತೆ ಆ ಶೋರೂಮಿಗೆ ಹೋದರು. ಮ್ಯಾನೇಜರರೆಂದರೆ ಅವರ ಲೆಕ್ಕದಲ್ಲಿ ಮೇಲಿನ ಬಾಕ್ಸು. ಆದ್ದರಿಂದ ಅವರನ್ನು ಬಿಟ್ಟು ನಡುವಿನ ಮೇಜಿನವನ ಎದುರು ಕೂತು, "ಊಟಕ್ಕ ಕುಂದ್ರಾಕ ಜಾಗಾ ಐತೇನ್ರಿ? ಸಾಹೇಬ್ರು ಮಂದಿ ಮುಂದ ಬೈತಾರೇನ್ರಿ?" ಎಂದು ವಿಚಾರಿಸಿದರಂತೆ. "ಟ್ರ್ಯಾಕ್ಟರ್ ಬಗ್ಗೆ ಏನರ ಕೇಳ್ರಿ ಯಕ್ಕಾ!" ಎಂದು ಅವನು ಗೋಗರೆದನಂತೆ. ತಿಂಗಳಾದ ಮೇಲೆ ಅಕ್ಕಾರು ಆ ಸಹೋದ್ಯೋಗಿಗೆ ಫೋನ್ ಮಾಡಿ, "ಈಗ ತಗೋಪಾ, ಅಭಿನಂದನಾ!" ಎಂದರು. ಅಷ್ಟರಲ್ಲಿ ಅವನಿಗೆ ಎಲ್ಲ ಮರೆತುಹೋಗಿತ್ತು. "ಇನ್ನೂ ಕನ್ಯಾ ನೋಡಾಕತ್ತಾರ್ರಿ ಅಕ್ಕಾರ, ಗಟ್ಟಿ ಆಗಿಲ್ಲ" ಎಂದ.

ಇನ್ನೊಬ್ಬಳಿಗೆ ಬಬಲೇಶ್ವರದ ಒಂದು ಶಾಲೆಯ ಆಫೀಸಿನಲ್ಲಿ ಕೆಲಸವಾಯಿತು. ಅವಳು ಸೇರುವ ಮೊದಲೇ ಅಕ್ಕಾರು ಮೊಮ್ಮಗಳಿಗೆ ಸೀಟು ಕೇಳುವ ನೆಪದಲ್ಲಿ ಅಲ್ಲಿಗೆ ಹೋದರು. ಮೊಮ್ಮಗಳ ಮಾತು ಹಾಗಿರಲಿ, ಅವರ ಮಗನಿಗೆ ಇನ್ನೂ ಮದುವೆಯೇ ಆಗಿರಲಿಲ್ಲ! ಶಾಲೆಯವರು ಅರ್ಜಿ ಕೊಟ್ಟರು. ಇವರು ಬಾಯಿಗೆ ಬಂದ ಹೆಸರು ಬರೆಸಿ ಬಂದರು. ಮಗು ಬರಲಿಲ್ಲವೆಂದು ಶಾಲೆಯಿಂದ ಫೋನ್ ಬಂತು. ಫೋನ್ ಮಾಡುವ ಕೆಲಸ ಬಿದ್ದದ್ದು ಯಾರಿಗೆ? ಹೊಸದಾಗಿ ಸೇರಿದ್ದ ನಮ್ಮವಳಿಗೇ!

"ಅಕ್ಕಾರ, ನೀವ?"

"ಹೂಂ, ನಾನ. ಸಾಲಿ ಚಲೋ ಐತಿ ಬೇ, ಅಭಿನಂದನಾ. ಆ ಕೂಸಿನ ಹೆಸರ ಹೊಡದ ಹಾಕು."

ಮೂರನೆಯವನ ಹೊಸ ಕೆಲಸ ಅಕ್ಕಾರಿಗೆ ಹಿಡಿಸಲಿಲ್ಲ. ಬೇಡವೆಂದರೂ ಹೋದ, ಎರಡೇ ತಿಂಗಳಿಗೆ ತಿರುಗಿ ಬಂದ. ಅವನು ತಲೆ ತಗ್ಗಿಸಿ ಗೇಟಿನೊಳಗೆ ಕಾಲಿಟ್ಟಾಗ ಅಕ್ಕಾರು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ "ಅಭಿನಂದನಾ!" ಎಂದರು.

ಆಮೇಲೆ ನನ್ನ ಸರದಿ ಬಂತು. ತಿಕೋಟಾದಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಕೇಂದ್ರದಲ್ಲಿ ಕೆಲಸ ಸಿಕ್ಕಿತು. ಎಂಟು ದಿನ ಅಕ್ಕಾರಿಗೆ ಹೇಳಲು ಧೈರ್ಯ ಬರಲಿಲ್ಲ. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಹೇಳಿದೆ. "ಹೌದೇನು" ಎಂದು ಅರ್ಧ ರೊಟ್ಟಿಯನ್ನು ಹಾಗೇ ಬಿಟ್ಟು ಡಬ್ಬಿ ಮುಚ್ಚಿದರು. ಎಲ್ಲರೂ ಅಭಿನಂದಿಸಿದರು, ಫೋಟೋ ತೆಗೆದರು. ನನಗೆ ಬೇಕಿದ್ದದ್ದು ಅಕ್ಕಾರದೊಂದು ಮಾತು. ಕೆಲಸ ಕಲಿಸಿದವರು ಅವರು. ಅವರು ಚಲೋ ಐತಿ ಎನ್ನದೆ ಹೊಸ ಜಾಗಕ್ಕೆ ಕಾಲಿಡಲು ನನಗೆ ಭಯವಿತ್ತು. ಕೊನೆಯ ದಿನದ ಕೇಕೂ ಮುಗಿಯಿತು, ಅವರ ಅಭಿನಂದನೆ ಬರಲಿಲ್ಲ.

ಸಂಜೆ ಇಬ್ಬರೂ ಎಂದಿನಂತೆ ಬಸ್ಸಿಗೆ ನಿಂತೆವು. ನನಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು.

"ನನ್ನ ಆಫೀಸ್ ನೋಡಾಕ ಹೋಗೇ ಇಲ್ಲೇನ್ರಿ ಅಕ್ಕಾರ?" ಎಂದು ಕೇಳಿಯೇಬಿಟ್ಟೆ.

"ಹೋಗಿದ್ದೆ. ಮಣ್ಣ ಕಟಗೊಂಡು ಎರಡ ಸಲ ಹೋಗಿ ಬಂದೇನಿ."

"ಚಲೋ ಇಲ್ಲೇನ್ರಿ?"

ಅಕ್ಕಾರು ರಸ್ತೆಯ ಕಡೆ ಮುಖ ತಿರುಗಿಸಿದರು.

"ಚಲೋ ಐತಿ. ಗಾಳಿ ಐತಿ, ಬೆಳಕ ಐತಿ, ಸಾಹೇಬ್ರು ಮೆತ್ತಗ ಮಾತಾಡ್ತಾರ. ಒಂದರ ತಪ್ಪು ಸಿಕ್ಕರ ನಿನಗ ಹೋಗಬ್ಯಾಡ ಅನ್ನಾಕ ಬರತೈತಿ ಅಂತ ಎರಡನೇ ಸಲ ಹೋದೆ. ಏನೂ ಸಿಗಲಿಲ್ಲ ಯವ್ವಾ."

ನಾನು ಅವರನ್ನು ರಸ್ತೆಯಲ್ಲೇ ತಬ್ಬಿಕೊಂಡು ಅತ್ತೆ. ಅವರೂ ಅತ್ತರು. ಬಸ್ಸು ಬಂದು ನಿಂತಿತು. "ಹತ್ತತೀರೋ ಇಲ್ಲೋ?" ಎಂದು ಕಂಡಕ್ಟರ್ ಕೂಗಿದ. ಇಬ್ಬರೂ ಹತ್ತಲಿಲ್ಲ, ಬಸ್ಸು ಹೋಯಿತು.