ಓವನ್ ಆರಿಸಿದ್ದು ಯಾರು?

"ಆರಿದೆ ಅಂದ್ರಲ್ಲ! ಇದೇನಾ ಆರಿರೋದು?"

ಬೇಕರಿಯವನ ಹೆಂಡತಿ ಸುಟ್ಟ ಬೆರಳನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ಕೂಗಿದಳು. ಹಿಂದಿನ ಕೋಣೆಯ ಅರ್ಧ ಜಾಗ ನುಂಗಿ ಕೂತಿದ್ದ ಗ್ಯಾಸ್ ಓವನ್ನಿನ ಜಿಡ್ಡು ತಿಕ್ಕೋಣವೆಂದು, ಗಂಡನ ಮಾತು ನಂಬಿ ಒಳಗೆ ಕೈ ಇಟ್ಟಿದ್ದಳು.

ಗಂಡ: ಉರಿ ಆರಿದೆ ಅಂದೆ ಕಣೇ. ಬಿಸಿ ಆರಿದೆ ಅಂದ್ನಾ?

ಹೆಂಡತಿ: ಓಹೋ! ನಿಘಂಟು ಪಕ್ಕದಲ್ಲಿಟ್ಕೊಂಡು ಓವನ್ ತೊಳೀಬೇಕಿತ್ತು, ನನ್ನದೇ ತಪ್ಪು.

ಗಂಡ: ಗ್ಲೌಸ್ ಹಾಕ್ಕೋಬಹುದಿತ್ತಲ್ಲ?

ಹೆಂಡತಿ: ಅದನ್ನ ಹಾಕ್ಕೊಂಡು ನೀವು ಸ್ಕೂಟರ್‌ಗೆ ಗ್ರೀಸ್ ಹಚ್ಚಿದ್ರಲ್ಲ. ಪಾಪ, ಸ್ಕೂಟರ್‌ಗೆ ನೋವಾಗಬಾರದು ನೋಡಿ.

ಗಂಡ: ಸರಿ, ಸರಿ. ಸರಿ ಆ ಕಡೆ! ಒಂದು ಬಕೆಟ್ ನೀರು ಎರಚಿದ್ರೆ ತಣ್ಣಗಾಗುತ್ತೆ.

ಹೆಂಡತಿ: ಎರಚಿ. ಬಾಗಿಲಿನ ಗಾಜು ಚಟ್ ಅಂತ ಸೀಳು ಬಿಡುತ್ತೆ, ಆವಿ ಮುಖಕ್ಕೆ ಬಡಿಯುತ್ತೆ. ಮುಖದ ವಿಷಯದಲ್ಲಿ ಅಂಥ ನಷ್ಟವೇನಿಲ್ಲ. ಗಾಜು ಮಾತ್ರ ದುಬಾರಿ.

ಅವನು ಬಕೆಟ್ಟನ್ನು ಕುಕ್ಕಿ ಇಟ್ಟ.

ಗಂಡ: ಆರೋವರೆಗೂ ಕಾಯ್ಬೇಕು ಅಂದ್ರೆ, ಇಷ್ಟು ತಡವಾಗಿ ಯಾಕೆ ಆರಿಸಿದೆ?

ಹೆಂಡತಿ: ನಾನೆಲ್ಲಿ ಆರಿಸಿದೆ? ಆರಿಸಿದ್ದು ನೀವು.

ಗಂಡ: ನಾನಲ್ಲ, ನೀನೇ.

ಹೆಂಡತಿ: ನನ್ನ ಜೀವಮಾನದಲ್ಲಿ ನಾನು ಆರಿಸಿದ್ದು ನಿಮ್ಮೊಬ್ಬರನ್ನ. ಆ ಉರಿ ಇನ್ನೂ ಆರಿಲ್ಲ.

ಗಂಡ: ಹಾಗಾದ್ರೆ ತಾನಾಗೇ ಆರಿರ್ಬೇಕು. ಇರು, ನೋಡ್ತೀನಿ. ಥೂ, ಏನು ಕತ್ತಲೆ!

ಅವನು ಜೇಬಿನಿಂದ ಲೈಟರ್ ತೆಗೆದ. ಆಗಲೇ ಅವಳ ಕಣ್ಣು ಓವನ್ನಿನ ನಾಬ್ ಮೇಲೆ ಬಿದ್ದದ್ದು. ಪೂರ್ತಿ ತೆರೆದೇ ಇತ್ತು. ಉರಿ ಇಲ್ಲ, ನಾಬ್ ತೆರೆದಿದೆ. ಹಾಗಾದರೆ ಗ್ಯಾಸ್ ಎಲ್ಲಿಗೆ ಹೋಗುತ್ತಿದೆ? ಅವನ ಕೈಗೆ ರಪ್ಪನೆ ಹೊಡೆದಳು. ಲೈಟರ್ ಬಕೆಟ್ಟಿನೊಳಗೆ ಬಿತ್ತು. ಅಂಗಿಯ ಕಾಲರ್ ಹಿಡಿದು ಗಂಡನನ್ನು ದರದರ ಎಳೆದುಕೊಂಡೇ ಮುಂದಿನ ಅಂಗಡಿಗೆ ಓಡಿದಳು. ಅಲ್ಲಿ ಅತ್ತೆ ಕೂತು ಬನ್ನಿನ ಪೊಟ್ಟಣ ಕಟ್ಟುತ್ತಿದ್ದರು.

ಹೆಂಡತಿ: ಅತ್ತೆ, ಏಳಿ! ಹೊರಗೆ ಬನ್ನಿ! ಗ್ಯಾಸ್ ಸೋರ್ತಿದೆ!

ಗಂಡ: ಹೌದಮ್ಮಾ! ಆಗಿನಿಂದ ಗಬ್ಬು ವಾಸನೆ ನನ್ನ ಮೂಗಿಗೆ ಬಡೀತಾನೇ ಇತ್ತು!

ಅತ್ತೆ: ಅದು ನಿನ್ನ ಕಾಲುಚೀಲ. ಸಿಲಿಂಡರ್ ನಾನು ಆಗಲೇ ಮುಚ್ಚಿದೆ. ಉರಿ ಆರಿದ್ದೂ ಅದಕ್ಕೇ.

ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತರು.

ಗಂಡ: ಮುಚ್ಚಿದ್ದನ್ನ ಹೇಳ್ಬಾರ್ದಾ?

ಅತ್ತೆ: ನಿಮ್ಮ ಬಾಯಿಗಳೂ ಮುಚ್ಚಲಿ ಅಂತ ಕಾಯ್ತಿದ್ದೆ.

ಹೆಂಡತಿ: ಅಲ್ಲ ಅತ್ತೆ, ನಿಮಗೆ ಹೇಗೆ ಹೊಳೀತು?

ಅತ್ತೆ ದಾರಕ್ಕೆ ಗಂಟು ಹಾಕಿ ತುದಿಯನ್ನು ಹಲ್ಲಿನಿಂದ ಕತ್ತರಿಸಿದರು.

ಅತ್ತೆ: ಓವನ್ ಕ್ಲೀನ್ ಮಾಡೋಕೆ ತಾನೂ ಕೈ ಹಾಕ್ತೀನಿ ಅಂದ್ನಲ್ಲಮ್ಮ ಇವನು! ನೀನು ಇವನನ್ನ ಬರೀ ಕಟ್ಕೊಂಡೋಳು. ನಾನು ಸಾಕಿದೋಳು.