ಮಗಳ ಮದುವೆಯ ಆಲ್ಬಮ್ಮಿಗೆ ನಾನಿಟ್ಟ ಹೆಸರುಗಳು

ಮಗಳು ಅಂಬಿಕಾಳ ಮದುವೆಯ ಫೋಟೋಗಳನ್ನು ಫೋಟೋಗ್ರಾಫರ್ ಪೆನ್‌ಡ್ರೈವಿನಲ್ಲಿ ತುಂಬಿಕೊಟ್ಟ. "ಸರ್, ಆಲ್ಬಮ್ಮಿಗೆ ಬೇಕಾದವು ಆರಿಸಿ ಕಲಬುರಗಿ ಲ್ಯಾಬಿಗೆ ಕೊಟ್ಟುಬಿಡ್ರಿ. ಫೋಲ್ಡರಿಗೆ ನಂಬರ್ ಹಾಕೀನಿ, ಅದೊಂದು ಕೆಡಸಬ್ಯಾಡ್ರಿ" ಎಂದ.

ಸೇಡಂನಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ ನನಗೆ ಇದು ಅವಮಾನವೆನಿಸಿತು. ಮಗಳ ಮದುವೆಯೇನು ಗೋದಾಮಿನ ಚೀಲವೇ, ನಂಬರ್ ಹಾಕಲು? ಎಲ್ಲ ನಂಬರ್ ಅಳಿಸಿ ವಿಧಿವತ್ತಾಗಿ ನಾಮಕರಣ ಮಾಡಿದೆ: ಹೆಣ್ಣು ನೋಡುವುದು, ನಿಶ್ಚಯ, ಅರಿಶಿಣ, ತಾಳಿ, ಊಟ, ಬೀಳ್ಕೊಡುಗೆ. ಕಣ್ಣು ಮುಚ್ಚಿದವರ, ಬಾಯಿ ತೆರೆದವರ ಫೋಟೋಗಳನ್ನು ಆಮೇಲೆ ವಿಚಾರ ಮಾಡೋಣವೆಂದು ಬೇರೆ ಫೋಲ್ಡರಿಗೆ ಹಾಕಿ 'ಅನುಮಾನ' ಎಂದು ಹೆಸರಿಟ್ಟೆ.

ಆಮೇಲೆ ವಿಚಾರ ಮಾಡಲಿಲ್ಲ!

"ನಂಬರ್ ಕೆಡಸಬ್ಯಾಡ್ರಿ ಅಂದಿದ್ದನಲ್ರಿ?" ಎಂದಳು ಹೆಂಡತಿ ನೀಲಮ್ಮ.

"ನಿನಗ ತಿಳಿಯಂಗಿಲ್ಲ, ಸುಮ್ಮಕಿರು."

ಪೆನ್‌ಡ್ರೈವ್ ಲ್ಯಾಬಿಗೆ ಕೊಟ್ಟು ರೈಲಿನಲ್ಲಿ ವಾಪಸ್ ಬರುವಾಗ, ವಾಡಿ ಸ್ಟೇಷನ್ನಿನಲ್ಲಿ ಲ್ಯಾಬಿನವನ ಫೋನ್ ಬಂತು. ಪಕ್ಕದಲ್ಲೇ ಗೂಡ್ಸ್ ಗಾಡಿ ಗಡಗಡ ಹೊರಟಿತ್ತು.

"ಸರ್, ಅನುಮಾನನೂ ಹಾಕಬೇಕೇನ್ರಿ?"

"ಅನುಮಾನ ಯಾಕ್ರಿ? ಧೈರ್ಯಲೆ ಎಲ್ಲಾ ಹಾಕ್ರಿ!"

"ಈಗ ಹ್ಯಾಂಗ ಅದ ಅದೇ ಸಾಲಿನಾಗ ಹಾಕಲ್ರಿ?"

"ಒಂದು ಅಕ್ಷರ ಬದಲಿ ಮಾಡಬ್ಯಾಡ್ರಿ!"

ಆಲ್ಬಮ್ ಬಂತು. "ಒಮ್ಮೆ ತೆಗದು ನೋಡ್ರಿ" ಎಂದಳು ನೀಲಮ್ಮ. ಬೀಗರ ಮುಂದೆಯೇ ತೆಗೆಯುವುದು ಶೋಭೆ ಎಂದು ಕಟ್ಟು ಬಿಚ್ಚದೆ, ನೀಲಮ್ಮನನ್ನೂ ಕರೆದುಕೊಂಡು, ಚಿಂಚೋಳಿಯ ಬೀಗರ ಮನೆಗೆ ಒಯ್ದೆ. ಅಂಬಿಕಾಗೆ ಆ ಮನೆ ಇನ್ನೂ ಹೊಸದು. ಅತ್ತೆಯ ಎದುರು ನಿಲ್ಲಲು ಅಂಜಿಕೆ ಎಂದು ಫೋನಿನಲ್ಲಿ ಹೇಳುತ್ತಿದ್ದಳು. ಈ ಆಲ್ಬಮ್ಮಿನಿಂದ ಅವಳ ಮಾನ ಏರಬೇಕಿತ್ತು.

ಓಣಿಯವರೂ ಸೇರಿದರು. ನಾನೇ ಮೊದಲ ಪುಟ ತೆರೆದೆ.

ಪುಟದ ತುಂಬ ನಾನು! ಕಣ್ಣು ಅರ್ಧ ಮುಚ್ಚಿ, ಬಾಯಿ ಪೂರ್ತಿ ತೆರೆದು, ಹೋಳಿಗೆಯನ್ನು ಸ್ವಾಗತಿಸುತ್ತಿದ್ದೆ. ಮುಂದಿನ ಪುಟದಲ್ಲಿ ಬೀಗರು ಬೆನ್ನು ಕೆರೆದುಕೊಳ್ಳುತ್ತಿದ್ದರು.

ಕಂಪ್ಯೂಟರಿಗೆ ಮದುವೆಯ ಕ್ರಮ ಏನು ಗೊತ್ತು? ಅದು ಅಕ್ಷರಮಾಲೆಯ ಪ್ರಕಾರ ಜೋಡಿಸಿತ್ತು. 'ಅನುಮಾನ' ಮುಗಿದು ಅರಿಶಿಣ ಬಂತು. ತಾಳಿಗೆ ಮೊದಲೇ ಎಲ್ಲರೂ ಉಂಡರು. ತಾಳಿ ಕಟ್ಟಿದ ಮೇಲೆ ನಿಶ್ಚಯವಾಯಿತು. ಬೀಳ್ಕೊಡುಗೆಯಲ್ಲಿ ಅಂಬಿಕಾ ಅಳುತ್ತ ಕಾರು ಹತ್ತಿದಳು.

ಕೊನೆಯ ಪುಟಗಳಲ್ಲಿ ಬೀಗರು ಹೆಣ್ಣು ನೋಡಲು ಬಂದು ಅವಲಕ್ಕಿ ತಿನ್ನುತ್ತಿದ್ದರು.

ಬೀಗತಿ ಕನ್ನಡಕ ಸರಿಮಾಡಿಕೊಂಡರು. "ಬೀಗರೇ, ಹೆಣ್ಣು ಕರ್ಕೊಂಡು ಹೋದ ಮ್ಯಾಲ ನೋಡಾಕ ಬಂದೀವೇನ್ರಿ?"

ಅಂಬಿಕಾ ತಲೆ ತಗ್ಗಿಸಿದ್ದಳು. ಭುಜಗಳು ಅಲುಗುತ್ತಿದ್ದವು. ಅಳುತ್ತಿದ್ದಾಳೆಂದುಕೊಂಡೆ. ಹತ್ತಿರ ಹೋಗಿ ನೋಡಿದರೆ ನಗು! ತಡೆಯಲಾರದೆ ಅತ್ತೆಯ ಹೆಗಲಿಗೇ ತಲೆ ಇಟ್ಟುಬಿಟ್ಟಳು. ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು.

"ಬ್ಯಾರೆ ಮಾಡಿಸಿ ಕೊಡ್ತೀನ್ರಿ" ಎಂದೆ ಸಣ್ಣ ದನಿಯಲ್ಲಿ.

"ಬ್ಯಾಡ್ರಿ, ಇದೇ ಇರಲಿ. ಭಾಳ ಚಲೋ ಅದ. ಬ್ಯಾಸರಾದಾಗ ನಿಮ್ಮ ಮಾರಿ ನೋಡ್ತೀವಿ!" ಎಂದರು ಬೀಗತಿ.

ವಾಪಸ್ ಬರುವಾಗ ಬಸ್ಸಿನಲ್ಲಿ ನೀಲಮ್ಮ ನನ್ನ ಪಕ್ಕ ಸರಿದು ಕೂತಳು. ಆಮೇಲೆ ಮೆಲ್ಲಗೆ ಅಂದಳು:

"ನಾಳೆ ಮೊಮ್ಮಗ ಹುಟ್ಟಿದರ, ಹೆಸರಿಡೋ ಕೆಲಸಕ್ಕ ಮಾತ್ರ ನೀವು ಬರಬ್ಯಾಡ್ರಿ."

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ. ಮನಸ್ಸಿನಲ್ಲಿ ಆಗಲೇ ಒಂದು ಹೆಸರಿತ್ತು. ನುಂಗಿಕೊಂಡೆ.