ಮೂರು ಬೆರಳಿನ ಮುಕ್ಕು

ನಮ್ಮ ಸೋದರಮಾವ ಸಮುದ್ರ ಕಂಡವನಲ್ಲ. ಆದರೂ ಎಪ್ಪತ್ತರ ದಶಕದ ಹಿರಿಯೂರಿನಲ್ಲಿ, ನೀರಿನಡಿಯ ಮನೆಗಳಿಗೆ ಹೋಗಿ ಬರುತ್ತಿದ್ದ ಏಕೈಕ ದರ್ಜಿ ಅವನೇ! ಬೆಳೆಯುವ ಮಕ್ಕಳ ಲಂಗಕ್ಕೆ ಒಳಮಡಿಕೆ ಬಿಟ್ಟು ಹೊಲಿಯುವುದರಲ್ಲಿ ಅವನದು ಎತ್ತಿದ ಕೈ. ಬೇಸಿಗೆಯಲ್ಲಿ ಮಾರಿಕಣಿವೆ ಜಲಾಶಯದ ನೀರು ಇಳಿಯಿತೋ, ಅಂಗಡಿಗೆ ಬೀಗ.

ಕಾರಣ ನಮ್ಮಜ್ಜಿ, ಅಂದರೆ ಅವನ ತಾಯಿ. ಅಣೆಕಟ್ಟು ಕಟ್ಟಿದಾಗ ಅವಳ ತವರೂರು ಮುಳುಗಿತ್ತು. "ನಮ್ಮನೆ ಒರಳು ಅಲ್ಲೇ ಐತೇನೋ ನೋಡ್ಕಂಡು ಬಾರೋ. ಕಣ್ಣು ಮುಚ್ಚೋದ್ರೊಳಗೆ ಅದೊಂದು ಗೊತ್ತಾಗ್ಲಿ. ಒನಕೆ ತಾಗಿಸಿ ಅಂಚು ಮುಕ್ಕು ಮಾಡಿದ್ದೆ, ಅವ್ವ ಬೈದಿದ್ಲು. ನನ್ನ ಮೂರು ಬೆರಳು ಹಿಡಿಯೋವಷ್ಟು ಮುಕ್ಕು" ಎಂದಿದ್ದಳು.

ಅಷ್ಟೇ ಸಾಕಾಯಿತು. ಮಾವ ತೆಪ್ಪದಲ್ಲಿ ಚಪ್ಪಲಿ ಬಿಟ್ಟು ನೀರಿಗಿಳಿಯುತ್ತಿದ್ದ. ಕಂಡವರ ಮನೆಗೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಾರೆಯೇ? ಬಾಗಿಲಲ್ಲಿ ಕೆಮ್ಮಿ ಒಳಹೋಗುವುದೂ ರೂಢಿಯಷ್ಟೆ. ನೀರೊಳಗೆ ಕೆಮ್ಮಿದರೆ ಏನಾಗುತ್ತದೆಂದು ತಿಳಿಯಲು ಅವನಿಗೆ ಎರಡು ಸಲ ಬೇಕಾಯಿತು.

ಒಮ್ಮೆ ಯಾರದೋ ಬೀಸುವ ಕಲ್ಲು ಎತ್ತಿ ತಂದ. ಸುದ್ದಿ ತಿಳಿದು ಆ ಮನೆತನದ ಮೊಮ್ಮಗ ಹೊಸದುರ್ಗದಿಂದ ಬಂದ.

"ನಮ್ಮನ್ನ ಒಂದ್ ಮಾತು ಕೇಳಿದ್ರಾ? ಇದ್ದಲ್ಲೇ ಇಟ್ಟು ಬರ್ರಿ!"

ಮಾವ ಇಟ್ಟು ಬಂದ. ಎಂಟು ದಿನಕ್ಕೆ ಆತನ ತಾಯಿ ಬಂದಳು. "ಅವನ ಮಾತು ಯಾಕೆ ಕೇಳಿದ್ರಿ? ತಂದ್ಕೊಡ್ರಿ." ಮಾವ ಮತ್ತೆ ಮುಳುಗಿದ! ಅಂದಿನಿಂದ ಆಯಾ ಮನೆಯವರೆಲ್ಲರ ಒಪ್ಪಿಗೆಯಿಲ್ಲದೆ ಹೆಂಚಿನ ಚೂರೂ ಮೇಲೆ ಬರಲಿಲ್ಲ.

ಹೀಗೆ ಏಳು ಬೇಸಿಗೆ ಕಳೆದವು. ಕೆಸರು ನೀರಲ್ಲಿ ಕಣ್ಣು ಕಾಣದು. ಊರವರ ಒರಳಿಗೆಲ್ಲ ಕೈಹಾಕಿ ಬೆರಳಿಟ್ಟು ನೋಡಿದ. ಏಳನೆಯ ವರ್ಷ ಅಜ್ಜಿ ಹಾಸಿಗೆ ಹಿಡಿದಳು. ಮಾವ ಮಂಚದ ಪಕ್ಕ ತಲೆ ತಗ್ಗಿಸಿ ಕುಳಿತ.

"ಸಿಗಲಿಲ್ಲ ಕಣವ್ವ. ಮೊದಲ್ನೇ ವರ್ಷ ಒಂದು ಮುಕ್ಕು ಒರಳು ಸಿಕ್ಕಿತ್ತು. ಎರಡೇ ಬೆರಳು ಹಿಡೀತು. ಯಾರದೋ ಅಂತ ಬಿಟ್ಟೆ."

"ಒಳಗೆ ಹೋಗ್ತಿದ್ದಂಗೆ ಎಡಕ್ಕಾ?"

"ಹೂಂ, ಎಡಕ್ಕೆ."

ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡಳು. "ಲೇ ದರ್ಜಿ! ಮುಕ್ಕು ಮಾಡ್ದಾಗ ನನಗೆ ಎಂಟು ವರ್ಷ ಕಣೋ!"

ಊರ ಮಕ್ಕಳೆಲ್ಲ ಬೆಳೆಯುತ್ತಾರೆಂದು ಮಡಿಕೆ ಬಿಟ್ಟವನಿಗೆ, ತನ್ನ ತಾಯಿಯೂ ಬೆಳೆದವಳೆಂದು ಹೊಳೆದಿರಲಿಲ್ಲ!

"ಯಾವ ಬೆರಳೋ ಮುಟ್ಟಿದ್ದು?" ಎಂದಳು ಅಜ್ಜಿ.

ಮಾವ ಎರಡು ಬೆರಳು ಚಾಚಿದ. ಅಜ್ಜಿ ಅವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಅತ್ತಳು. ಸಂಜೆಯವರೆಗೂ ಬಿಡಲಿಲ್ಲ.